ನೋವಿಲ್ಲದ ಗಂಟು: ಹೆಸರು ಮೊದಲು, ಹಂತ ಆಮೇಲೆ

ಮಂಡ್ಯ ಜಿಲ್ಲೆಯ ಗದ್ದೆ ಬಯಲಿನಲ್ಲಿ ಗೆಡ್ಡೆ ಕಟ್ಟುವುದು ಯಾರಿಗೂ ಹೊಸದಲ್ಲ. ಕಬ್ಬಿನ ಕೂಳೆ ಕಾಲಿಗೆ ಚುಚ್ಚಿದರೆ, ನಾಟಿಯ ಕೆಸರಿನಲ್ಲಿ ನಿಂತು ಹಿಮ್ಮಡಿ ಒಡೆದರೆ, ಎರಡು ಮೂರು ದಿನಕ್ಕೆ ತೊಡೆಸಂದಿಯಲ್ಲಿ ಗೆಡ್ಡೆ ಕೈಗೆ ಸಿಗುತ್ತದೆ. ಹಲ್ಲು ಹುಳುಕಾದ ಮಗುವಿಗೆ ದವಡೆಯ ಕೆಳಗೆ, ತಲೆಯಲ್ಲಿ ಹುಣ್ಣೆದ್ದ ಹುಡುಗಿಗೆ ಕತ್ತಿನ ಹಿಂದೆ. ಮುಟ್ಟಿದರೆ ನೋವು, ಸುತ್ತ ಬಿಸಿ. ಗಾಯ ಮಾಗಿದ ಹಾಗೆ ಗೆಡ್ಡೆಯೂ ಕರಗುತ್ತದೆ.

ಇದು ದೇಹ ಸರಿಯಾಗಿ ಕೆಲಸ ಮಾಡುತ್ತಿರುವ ಲಕ್ಷಣ. ಮೈಯಲ್ಲಿ ಐದಾರು ನೂರು ದುಗ್ಧರಸ ಗ್ರಂಥಿಗಳಿವೆ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಇರುವವು ಕೈಗೆ ಸಿಗುತ್ತವೆ. ಎದೆಗೂಡಿನ ನಡುವೆ, ಹೊಟ್ಟೆಯ ಹಿಂಭಾಗದಲ್ಲಿ ಇರುವವು ಸಿಗುವುದಿಲ್ಲ. ಇವುಗಳ ಒಳಗೆ ಲಿಂಫೊಸೈಟ್ ಎಂಬ ಬಿಳಿರಕ್ತಕಣಗಳು ಕಾವಲು ಕೂತಿರುತ್ತವೆ. ಸೋಂಕು ಬಂದಾಗ ಅವು ಬೇಗಬೇಗ ಹೆಚ್ಚುತ್ತವೆ, ಗ್ರಂಥಿ ಊದುತ್ತದೆ. ಸೋಂಕು ತೀರಿದ ಮೇಲೆ ಹೆಚ್ಚಿದ ಕಣಗಳು ಸಾಯುತ್ತವೆ. ಸಾಯಬೇಕಾದ ಕಣ ಸಾಯದೆ, ನಿಲ್ಲಬೇಕಾದ ಬೆಳವಣಿಗೆ ನಿಲ್ಲದೆ, ಒಂದೇ ಕಣದ ಸಂತತಿ ಗ್ರಂಥಿಯನ್ನೆಲ್ಲ ತುಂಬಿಕೊಂಡರೆ ಅದು ಲಿಂಫೋಮಾ, ದುಗ್ಧರಸ ಗ್ರಂಥಿಯ ಕ್ಯಾನ್ಸರ್.

ಕಷ್ಟವೇನೆಂದರೆ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಮಳವಳ್ಳಿ ಕಡೆಯ ಹಳ್ಳಿಯೊಂದರ ಇಪ್ಪತ್ತೈದು ವರ್ಷದ ಯುವಕನ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಕಾಣಿಸಿಕೊಂಡಿದೆ ಎಂದಿಟ್ಟುಕೊಳ್ಳೋಣ. ಒತ್ತಿದರೆ ರಬ್ಬರಿನ ಹಾಗೆ ಮಿದು, ನೋವಿಲ್ಲ, ಕೆಂಪಿಲ್ಲ. ರೇಷ್ಮೆ ಮನೆಯ ಕೆಲಸಕ್ಕೂ ಅಡ್ಡಿಯಿಲ್ಲ. ನೋಯದ ಮೇಲೆ ಆಸ್ಪತ್ರೆಗೇಕೆ ಎಂದು ಮನೆಯವರು ಸುಮ್ಮನಿರುತ್ತಾರೆ. ತಿಂಗಳು ಕಳೆದ ಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ, ಆಮೇಲೆ ಯಾರೋ ಹೇಳಿದ ಸೊಪ್ಪಿನ ಪಟ್ಟು. ಕೊನೆಗೆ ಆಸ್ಪತ್ರೆಗೆ ಹೋಗಿ ವೈದ್ಯರು ‘ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು’ ಎಂದಾಗ ದೊಡ್ಡಪ್ಪ ಅಡ್ಡ ಬರುತ್ತಾರೆ: ‘ಕತ್ರಿ ಹಾಕುಸ್ಬ್ಯಾಡ ಕಣ್ಲಾ, ಮೈಗೆಲ್ಲ ಹಬ್ಬಿಬುಡ್ತದೆ.’

ಈ ಮಾತು ತಪ್ಪು. ಲಿಂಫೋಮಾದಲ್ಲಿ ಗಂಟಿನ ತುಂಡು ತೆಗೆದದ್ದರಿಂದ ರೋಗ ಹಬ್ಬುವುದಿಲ್ಲ. ಅದು ಸಹಜವಾಗಿಯೇ ದುಗ್ಧನಾಳ ಮತ್ತು ರಕ್ತದ ಹಾದಿಯಲ್ಲಿ ಸಾಗುವ ಕಣಗಳ ರೋಗ. ಕತ್ತರಿ ಮುಟ್ಟಲಿ, ಮುಟ್ಟದಿರಲಿ, ತನ್ನ ಪಾಡಿಗೆ ತಾನು ಸಾಗುತ್ತದೆ. ಹಬ್ಬಲು ಅವಕಾಶ ಕೊಡುವುದು ಕಾಯುತ್ತ ಕಳೆದ ತಿಂಗಳುಗಳು.

ಹಾಗೆಂದು ಮಂಡ್ಯದಲ್ಲಿ ಕತ್ತಿನ ಗಂಟೆಂದರೆ ವೈದ್ಯರಿಗೆ ಮೊದಲು ನೆನಪಾಗುವುದು ಲಿಂಫೋಮಾ ಅಲ್ಲ, ಕ್ಷಯ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ದೇಶದಲ್ಲಿ ಶ್ವಾಸಕೋಶದ ಆಚೆಗೆ ಕ್ಷಯ ಅತಿ ಹೆಚ್ಚಾಗಿ ಕೂರುವುದು ದುಗ್ಧರಸ ಗ್ರಂಥಿಗಳಲ್ಲಿ. ಹಳಬರು ಇದನ್ನೇ ಗಂಡಮಾಲೆ ಎನ್ನುತ್ತಿದ್ದರು. ಹಳೇ ಮೈಸೂರು ಸೀಮೆಗೆ ಕ್ಷಯದ ನೆನಪು ಗಾಢವಾದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರನ್ನು ಬಲಿ ಪಡೆದದ್ದು ಇದೇ ರೋಗ, ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಅವರ ಹೆಸರಿನದು. ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ, ಕತ್ತಿನಲ್ಲಿ ಗಂಟು: ಈ ನಾಲ್ಕೂ ಕ್ಷಯದಲ್ಲಿವೆ, ಲಿಂಫೋಮಾದಲ್ಲೂ ಇವೆ.

ಎರಡನ್ನೂ ಬೇರೆ ಮಾಡಲು ವೈದ್ಯಲೋಕಕ್ಕೇ ಎಪ್ಪತ್ತು ವರ್ಷ ಹಿಡಿಯಿತು. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಕಿನ್, ಗ್ರಂಥಿಗಳೂ ಗುಲ್ಮವೂ ಊದಿಕೊಂಡು ಸತ್ತ ಏಳು ರೋಗಿಗಳ ವಿವರವನ್ನು ಪ್ರಬಂಧವಾಗಿ ಬರೆದರು. ಸೋಂಕಿನಿಂದ ಊದಿದ್ದಲ್ಲ, ಗ್ರಂಥಿಗಳದೇ ರೋಗವಿದು ಎಂಬುದು ಅವರ ವಾದ. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಅದೇ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ 1865ರಲ್ಲಿ ಆ ರೋಗಕ್ಕೆ ಹಾಡ್ಕಿನ್ ಹೆಸರನ್ನೇ ಇಟ್ಟರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಸೂಕ್ಷ್ಮದರ್ಶಕದಲ್ಲಿ ಇದರ ದೈತ್ಯಕಣವನ್ನು ವಿವರಿಸಿದರು; ಆದರೆ ಇದು ಕ್ಷಯದ್ದೇ ಇನ್ನೊಂದು ರೂಪ ಎಂದು ನಂಬಿದರು. 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಡೊರೊಥಿ ರೀಡ್ ಎಂಬ ಯುವ ವೈದ್ಯೆ ಆ ನಂಬಿಕೆಯನ್ನು ಒಡೆದರು. ಕಣದ ಚಿತ್ರವನ್ನು ನಿಖರವಾಗಿ ಬರೆದು, ಈ ರೋಗಕ್ಕೂ ಕ್ಷಯಕ್ಕೂ ಸಂಬಂಧವಿಲ್ಲವೆಂದು ತೋರಿಸಿಕೊಟ್ಟರು. ಇಬ್ಬರ ಹೆಸರೂ ಸೇರಿ ಅದಕ್ಕೆ ರೀಡ್–ಸ್ಟರ್ನ್‌ಬರ್ಗ್ ಕಣ ಎಂಬ ಹೆಸರು ನಿಂತಿದೆ. ಎರಡು ಕೋಶಕೇಂದ್ರ, ಒಂದೊಂದರಲ್ಲೂ ದೊಡ್ಡದೊಂದು ಚುಕ್ಕೆ. ಗಂಟಿನ ತುಂಬ ಇರುವುದು ಬೇರೆ ಸಾಧಾರಣ ಕಣಗಳೇ. ಈ ಕಣ ಅವುಗಳ ನಡುವೆ ನೂರಕ್ಕೊಂದರಂತೆ ಅಡಗಿರುತ್ತದೆ.

ಆ ನೂರಕ್ಕೊಂದು ಎಂಬ ಲೆಕ್ಕವೇ ಸೂಜಿ ಟೆಸ್ಟಿನ ಮಿತಿಯನ್ನು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಸಾಮಾನ್ಯವಾಗಿ ಮೊದಲು ಬರೆಯುವುದು ಎಫ್‌ಎನ್‌ಎಸಿ. ಸಣ್ಣ ಸೂಜಿ ಚುಚ್ಚಿ, ಗಂಟಿನಿಂದ ಹನಿಯಷ್ಟು ದ್ರವ ಎಳೆದು, ಗಾಜಿನ ಸ್ಲೈಡಿನ ಮೇಲೆ ಸವರಿ ನೋಡುವುದು. ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ. ಕ್ಷಯ ಹಿಡಿಯಲು ಇದು ಒಳ್ಳೆಯ ಪರೀಕ್ಷೆ. ಎಳೆದ ದ್ರವವನ್ನು ಸಿಬಿನಾಟ್ ಯಂತ್ರಕ್ಕೆ ಹಾಕಿದರೆ ಕ್ಷಯದ ಬ್ಯಾಕ್ಟೀರಿಯಾ ಇದೆಯೇ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೇ ಎಂಬುದೂ ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ಲಿಂಫೋಮಾ ವಿಷಯದಲ್ಲಿ ಸೂಜಿ ಅನುಮಾನವನ್ನಷ್ಟೇ ಹುಟ್ಟಿಸಬಲ್ಲದು. ಗಂಟಿನ ಒಳರಚನೆ ಹೇಗೆ ಕೆಟ್ಟಿದೆ ಎಂದು ನೋಡಬೇಕು, ಅದಕ್ಕೆ ಇಡೀ ಗಂಟು ಬೇಕು. ಸೂಜಿಗೆ ನಾಲ್ಕು ಕಣ ಸಿಕ್ಕು, ಅವು ಸಾಧಾರಣ ಕಣಗಳಾಗಿದ್ದರೆ ‘ರಿಯಾಕ್ಟಿವ್’ ಎಂಬ ವರದಿ ಬರುತ್ತದೆ. ಮನೆಯವರು ‘ಏನೂ ಇಲ್ವಂತೆ’ ಎಂದು ನಿಟ್ಟುಸಿರು ಬಿಡುತ್ತಾರೆ. ಗಂಟು ಹಾಗೆಯೇ ಉಳಿದಿದ್ದರೆ ಆ ವರದಿಗೆ ಮರ್ಯಾದೆ ಕೊಡಬಾರದು.

ಇನ್ನೊಂದು ಇಕ್ಕಟ್ಟಿದೆ. ಕ್ಷಯದಲ್ಲಿ ಕಾಣುವ ಗ್ರಾನ್ಯುಲೋಮಾ ಎಂಬ ಕಣಗುಚ್ಛ ಲಿಂಫೋಮಾದ ಗಂಟಿನಲ್ಲೂ ಕೆಲವೊಮ್ಮೆ ಕಾಣಿಸುತ್ತದೆ. ಬ್ಯಾಕ್ಟೀರಿಯಾ ಸಿಗದೆ, ಗ್ರಾನ್ಯುಲೋಮಾ ಒಂದನ್ನೇ ನೋಡಿ ಆರು ತಿಂಗಳ ಕ್ಷಯದ ಮಾತ್ರೆ ಶುರು ಮಾಡಿದಾಗ ಎರಡು ತಿಂಗಳಲ್ಲಿ ಗಂಟು ಇಳಿಯದಿದ್ದರೆ, ಹೊಸ ಗಂಟುಗಳು ಎದ್ದರೆ, ಮತ್ತೆ ವೈದ್ಯರ ಮುಂದೆ ಹೋಗಿ ಕೂರಬೇಕು. ಕ್ಷಯದ ಗಂಟು ಕೂಡ ಚಿಕಿತ್ಸೆಯ ಆರಂಭದಲ್ಲಿ ದೊಡ್ಡದಾಗುವುದುಂಟು, ನಿಜ. ಅದು ಹಾಗೋ ಅಥವಾ ರೋಗವೇ ಬೇರೆಯೋ ಎಂದು ತೀರ್ಮಾನಿಸಲು ಬಯಾಪ್ಸಿ, ಅಂದರೆ ತುಂಡು ತೆಗೆದು ನೋಡುವ ಪರೀಕ್ಷೆಯೇ ಆಗಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು.

ಇದಕ್ಕಿಂತ ದೊಡ್ಡ ಅನಾಹುತ ಮಾಡುವುದು ಸ್ಟೀರಾಯ್ಡ್. ಊತ ಇಳಿಯಲೆಂದು ಕೊಡುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್, ಪ್ರೆಡ್ನಿಸೊಲೋನ್ ಮಾತ್ರೆ ಲಿಂಫೋಮಾದ ಕಣಗಳನ್ನು ಸ್ವಲ್ಪ ದಿನ ಕರಗಿಸಿಬಿಡುತ್ತವೆ. ಗಂಟು ಕುಗ್ಗುತ್ತದೆ, ಜ್ವರ ಬಿಡುತ್ತದೆ, ಹಸಿವಾಗುತ್ತದೆ. ಆಗ ತೆಗೆದ ತುಂಡಿನಲ್ಲಿ ಸತ್ತ ಕಣಗಳಲ್ಲದೆ ಬೇರೇನೂ ಸಿಗದೆ ರೋಗಕ್ಕೆ ಹೆಸರಿಡಲಾಗುವುದಿಲ್ಲ. ಕೆಲವು ವಾರದಲ್ಲಿ ಗಂಟು ಮರಳುತ್ತದೆ. ಕಾರಣ ಗೊತ್ತಿಲ್ಲದ ಗಂಟಿಗೆ, ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಕೊಡದಿರುವುದು ತಾಲ್ಲೂಕಿನ ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ ಬರೆದಿರಬೇಕಾದ ನಿಯಮ.

ಹಾಗಾದರೆ ಬಯಾಪ್ಸಿ ಹೇಗೆ ನಡೆಯುತ್ತದೆ? ಕತ್ತಿನ ಗಂಟಾದರೆ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಸಾಕು. ಸರ್ಜನ್ ಒಂದೂವರೆ ಎರಡು ಅಂಗುಲ ಚರ್ಮ ಬಿಡಿಸಿ ಒಂದು ಗ್ರಂಥಿಯನ್ನು ಇಡಿಯಾಗಿ, ಹೊದಿಕೆ ಹರಿಯದಂತೆ ಎತ್ತುತ್ತಾರೆ. ತೊಡೆಸಂದಿಯಲ್ಲೂ ಕತ್ತಿನಲ್ಲೂ ಗಂಟಿದ್ದರೆ ಕತ್ತಿನದನ್ನೇ ಆರಿಸುವುದು ವಾಡಿಕೆ; ತೊಡೆಸಂದಿಯ ಗ್ರಂಥಿ ಕಾಲಿನ ಹಳೇ ಗಾಯಗಳಿಂದಲೇ ಊದಿ ಗೊಂದಲ ಮಾಡಿರುತ್ತದೆ. ಎದೆ ಅಥವಾ ಹೊಟ್ಟೆಯೊಳಗಿನ ಗಂಟಾದರೆ ಸ್ಕ್ಯಾನಿನಲ್ಲಿ ನೋಡುತ್ತ ದಪ್ಪ ಸೂಜಿಯಿಂದ ಕಡ್ಡಿಯಂಥ ತುಂಡುಗಳನ್ನು ತೆಗೆಯುತ್ತಾರೆ.

ತೆಗೆದ ಗಂಟನ್ನು ಹಾಕುವ ಡಬ್ಬಿಯಲ್ಲಿ ಶೇ 10ರ ಫಾರ್ಮಲಿನ್ ಇರಬೇಕು. ಸ್ಪಿರಿಟ್ಟಿನಲ್ಲೋ ಸಲೈನಿನಲ್ಲೋ ಹಾಕಿ ಬಸ್ಸಿನಲ್ಲಿ ಕಳಿಸಿದರೆ ಮುಂದಿನ ಪರೀಕ್ಷೆಗಳು ಕೆಡುತ್ತವೆ. ಪ್ರಯೋಗಾಲಯದಲ್ಲಿ ಪೆಥಾಲಜಿಸ್ಟ್ ಮೊದಲು ಗಂಟನ್ನು ಸೀಳಿ ಬರಿಗಣ್ಣಿನಲ್ಲಿ ನೋಡುತ್ತಾರೆ. ಕ್ಷಯದ್ದಾದರೆ ನಡುವೆ ಹಳದಿ ಬಣ್ಣದ ಪುಡಿಪುಡಿ ಕೀವು ಕಾಣಬಹುದು. ಲಿಂಫೋಮಾ ಆದರೆ ಸೀಳಿದ ಮುಖ ನುಣುಪಾಗಿ ಬೂದುಬಿಳಿ. ಆಮೇಲೆ ತುಂಡನ್ನು ಮೇಣದಲ್ಲಿ ಕೂರಿಸಿ ಒಂದು ಪುಟ್ಟ ಬಿಲ್ಲೆ ಮಾಡುತ್ತಾರೆ. ಅದೇ ಪ್ಯಾರಾಫಿನ್ ಬ್ಲಾಕ್. ಅದರಿಂದ ಕೂದಲಿಗಿಂತ ತೆಳ್ಳಗಿನ ಪದರಗಳನ್ನು ಕೊಯ್ದು, ಸ್ಲೈಡಿಗೆ ಅಂಟಿಸಿ, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುವುದು.

ಕ್ಯಾನ್ಸರ್ ಹೌದೆಂದು ಇಷ್ಟರಲ್ಲೇ ತಿಳಿದರೂ ಯಾವ ಲಿಂಫೋಮಾ ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು, ಇಮ್ಯುನೊಹಿಸ್ಟೊಕೆಮಿಸ್ಟ್ರಿ. ಆಸ್ಪತ್ರೆಯ ಮಾತಿನಲ್ಲಿ ಐಎಚ್‌ಸಿ. ಕಣದಲ್ಲಿ ಯಾವ ಪ್ರೋಟೀನಿದೆ ಎಂದು ಇದು ಗುರುತು ಹಿಡಿಯುತ್ತದೆ. ಸಿಡಿ20 ಇದ್ದರೆ ಬಿ ಕಣ, ಸಿಡಿ3 ಇದ್ದರೆ ಟಿ ಕಣ. ದೈತ್ಯಕಣದಲ್ಲಿ ಸಿಡಿ30, ಸಿಡಿ15 ಇದ್ದರೆ ಹಾಡ್ಕಿನ್. ಕೆಐ–67 ಎಂಬ ಗುರುತು ನೂರರಲ್ಲಿ ಎಷ್ಟು ಕಣ ಒಡೆದು ಹೆಚ್ಚುತ್ತಿವೆ ಎಂದು ಹೇಳುತ್ತದೆ. ಕೆಲವು ಬಗೆಗೆ ಫಿಶ್ ಎಂಬ ಜೀನ್ ಪರೀಕ್ಷೆಯೂ ಬೇಕಾಗುತ್ತದೆ. ವರದಿ ಬರಲು ವಾರ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಆ ದಿನಗಳು ಮನೆಯವರಿಗೆ ಅಸಹನೀಯ. ಆದರೂ ಕಾಯಲೇಬೇಕು, ಏಕೆಂದರೆ ಔಷಧ ನಿಂತಿರುವುದು ಆ ಹಾಳೆಯ ಮೇಲೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಹೊಡೆಯುವುದು ಸಿಡಿ20 ಇರುವ ಕಣಗಳನ್ನು ಮಾತ್ರ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ಅದರ ದೇಶೀ ರೂಪವನ್ನು ತಂದ ಮೇಲೆ ನಮ್ಮಲ್ಲಿ ಹೆಚ್ಚು ಜನರ ಕೈಗೆ ಅದು ಎಟುಕಿತು.

ಆ ಮೇಣದ ಬ್ಲಾಕನ್ನು ರೋಗಿಯ ಮನೆಯವರು ಕೇಳಿ ಪಡೆಯಬಹುದು. ಮಂಡ್ಯದಲ್ಲಿ ಬಯಾಪ್ಸಿ ಮಾಡಿಸಿಕೊಂಡು ಬೆಂಗಳೂರಿಗೆ ಹೋದವರಿಗೆ ಅಲ್ಲಿನ ವೈದ್ಯರು ಮೊದಲು ಕೇಳುವುದು ‘ಬ್ಲಾಕು, ಸ್ಲೈಡು ತಂದಿದ್ದೀರಾ?’ ಎಂದು. ವರದಿಯ ಜೆರಾಕ್ಸ್ ಮಾತ್ರ ತಂದವರು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಗುತ್ತಾರೆ. ಬ್ಲಾಕ್ ಸಾಮಾನ್ಯ ಬಿಸಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬಿಸಿಲಿಗೆ ಮಾತ್ರ ಇಡಬಾರದು, ಮೇಣ ಕರಗುತ್ತದೆ.

ಲಿಂಫೋಮಾ ಎಂಬುದು ಒಂದೇ ರೋಗವಲ್ಲ ಎಂದು ಓದುಗರಿಗೆ ಇಷ್ಟು ಹೊತ್ತಿಗೆ ಹೊಳೆದಿರಬಹುದು. ಹಾಡ್ಕಿನ್ ಒಂದು ಗುಂಪು, ಉಳಿದದ್ದೆಲ್ಲ ನಾನ್ ಹಾಡ್ಕಿನ್. 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ನಾನ್ ಹಾಡ್ಕಿನ್ ಸುಮಾರು 5.44 ಲಕ್ಷ, ಹಾಡ್ಕಿನ್ 83 ಸಾವಿರ. ನಾನ್ ಹಾಡ್ಕಿನ್ ಒಳಗೇ ಹತ್ತಾರು ಬಗೆಗಳಿವೆ. ಹೆಚ್ಚು ಕಾಣುವುದು ಡಿಎಲ್‌ಬಿಸಿಎಲ್ ಎಂಬ ಬಿ ಕಣದ ಲಿಂಫೋಮಾ. ವಾರ–ತಿಂಗಳುಗಳಲ್ಲಿ ಬೆಳೆಯುತ್ತದೆ, ಚಿಕಿತ್ಸೆಗೂ ಬಗ್ಗುತ್ತದೆ. ಫಾಲಿಕ್ಯುಲರ್ ಲಿಂಫೋಮಾ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವಂಥದ್ದು. ತೊಂದರೆ ಕೊಡದಿದ್ದರೆ ಔಷಧವಿಲ್ಲದೆ ಗಮನಿಸುತ್ತ ಇರುವುದೂ ಅಲ್ಲಿ ಒಪ್ಪಿತ ಕ್ರಮ. ಡೆನಿಸ್ ಬರ್ಕಿಟ್ ಎಂಬ ಸರ್ಜನ್ 1958ರಲ್ಲಿ ಉಗಾಂಡದ ಮಕ್ಕಳ ದವಡೆಯಲ್ಲಿ ಕಂಡು ಬರೆದ ಲಿಂಫೋಮಾ ದಿನದಿನಕ್ಕೆ ಬೆಳೆಯುತ್ತದೆ. ಅದರ ಬೆನ್ನು ಹತ್ತಿದ ವಿಜ್ಞಾನಿಗಳಿಗೆ 1964ರಲ್ಲಿ ಎಪ್‌ಸ್ಟೀನ್–ಬಾರ್ ವೈರಸ್ ಸಿಕ್ಕಿತು. ಹೊಟ್ಟೆಯ ಮಾಲ್ಟ್ ಲಿಂಫೋಮಾದ ಕತೆ ಎಲ್ಲಕ್ಕಿಂತ ಅಚ್ಚರಿಯದು. ಜಠರದಲ್ಲಿ ಹುಣ್ಣು ಮಾಡುವ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾ ಇದಕ್ಕೆ ಪ್ರಚೋದನೆ. ಆರಂಭದಲ್ಲಿ ಪತ್ತೆಯಾದರೆ ಎರಡು ವಾರದ ಆ್ಯಂಟಿಬಯಾಟಿಕ್ ಕೋರ್ಸಿಗೇ ಅನೇಕರಲ್ಲಿ ಕ್ಯಾನ್ಸರ್ ಕರಗುತ್ತದೆ. ಹೆಸರು ತಿಳಿಯದೆ ಕೀಮೋ ಶುರು ಮಾಡಬಾರದು ಎನ್ನುವುದು ಇದಕ್ಕೇ.

ಹೆಸರು ಗೊತ್ತಾದ ಮೇಲೆ ಹಂತದ ಪ್ರಶ್ನೆ.

‘ಎಷ್ಟನೇ ಸ್ಟೇಜು?’ ಕ್ಯಾನ್ಸರ್ ಎಂದ ಕೂಡಲೆ ನೆಂಟರಿಷ್ಟರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನಾಲ್ಕು ಎಂದರೆ ಮುಗಿಯಿತು ಎಂದು ಆಸ್ಪತ್ರೆಯಿಂದಲೇ ಮನೆಗೆ ಕರೆದುಕೊಂಡು ಹೋಗುವವರಿದ್ದಾರೆ. ಲಿಂಫೋಮಾ ಮಟ್ಟಿಗೆ ಈ ತೀರ್ಮಾನ ಅನ್ಯಾಯದ್ದು. ಶ್ವಾಸಕೋಶ, ಜಠರದ ಕ್ಯಾನ್ಸರುಗಳಲ್ಲಿ ನಾಲ್ಕನೇ ಹಂತಕ್ಕಿರುವ ಅರ್ಥ ಇಲ್ಲಿಲ್ಲ. ನಾಲ್ಕನೇ ಹಂತದ ಹಾಡ್ಕಿನ್ ಲಿಂಫೋಮಾ ಕೂಡ ಬಹುಪಾಲು ಜನರಲ್ಲಿ ವಾಸಿಯಾಗುತ್ತದೆ. ಆರಂಭದ ಹಂತದ್ದು ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ. ಡಿಎಲ್‌ಬಿಸಿಎಲ್ ಎಲ್ಲ ಹಂತ ಸೇರಿ ಹತ್ತರಲ್ಲಿ ಸುಮಾರು ಆರು ಮಂದಿಗೆ ಗುಣವಾಗುತ್ತದೆ.

ಹಂತ ಅಳೆಯುವ ಪದ್ಧತಿಗೆ ಬುನಾದಿ ಹಾಕಿದವರಲ್ಲಿ ಒಬ್ಬರು ಟೊರಾಂಟೊದ ವೈದ್ಯೆ ವೆರಾ ಪೀಟರ್ಸ್. ರೋಗ ಒಂದೇ ಕಡೆ ಇದ್ದಾಗ ಸರಿಯಾದ ಪ್ರಮಾಣದ ವಿಕಿರಣ ಕೊಟ್ಟರೆ ಹಾಡ್ಕಿನ್ ರೋಗಿಗಳು ಬದುಕುತ್ತಾರೆಂದು ಅವರು 1950ರಲ್ಲಿ ಬರೆದಾಗ ನಂಬಿದವರು ಕಡಿಮೆ. ರೋಗ ಎಲ್ಲಿಯವರೆಗೆ ಹೋಗಿದೆ ಎಂಬ ಲೆಕ್ಕಕ್ಕೆ ಬೆಲೆ ಬಂದದ್ದು ಅಲ್ಲಿಂದ. 1971ರಲ್ಲಿ ಅಮೆರಿಕದ ಆ್ಯನ್ ಆರ್ಬರ್ ಪಟ್ಟಣದಲ್ಲಿ ಸೇರಿದ ತಜ್ಞರು ನಾಲ್ಕು ಹಂತಗಳನ್ನು ಗೊತ್ತು ಮಾಡಿದರು. 2014ರಲ್ಲಿ ಲುಗಾನೊ ವರ್ಗೀಕರಣದ ಹೆಸರಿನಲ್ಲಿ ತಿದ್ದುಪಡಿಯಾದರೂ ಇಂದಿಗೂ ಬೆನ್ನೆಲುಬು ಅದೇ.

ಈ ಲೆಕ್ಕದಲ್ಲಿ ಗಡಿಗೆರೆ ವಪೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ತೆರೆ. ಒಂದೇ ಪ್ರದೇಶದ ಗ್ರಂಥಿಗಳಲ್ಲಿ ರೋಗವಿದ್ದರೆ ಮೊದಲ ಹಂತ. ವಪೆಯ ಒಂದೇ ಬದಿಯಲ್ಲಿ, ಉದಾಹರಣೆಗೆ ಕತ್ತು ಮತ್ತು ಕಂಕುಳಲ್ಲಿ, ಎರಡು ಅಥವಾ ಹೆಚ್ಚು ಪ್ರದೇಶಗಳಲ್ಲಿದ್ದರೆ ಎರಡನೆಯದು. ವಪೆಯ ಮೇಲೂ ಕೆಳಗೂ ಇದ್ದರೆ ಮೂರು. ಯಕೃತ್ತು, ಮೂಳೆ ಮಜ್ಜೆ, ಶ್ವಾಸಕೋಶದಂಥ ಅಂಗಗಳೊಳಗೆ ಹರಡಿದ್ದರೆ ನಾಲ್ಕು. ಅಂಕಿಯ ಪಕ್ಕದ ಅಕ್ಷರಕ್ಕೂ ಅರ್ಥವಿದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹಾಸಿಗೆ ಒದ್ದೆಯಾಗುವಷ್ಟು ರಾತ್ರಿ ಬೆವರು, ಆರು ತಿಂಗಳಲ್ಲಿ ತೂಕದ ಶೇ 10ಕ್ಕಿಂತ ಹೆಚ್ಚು ಇಳಿಕೆ, ಇವುಗಳಲ್ಲಿ ಒಂದಿದ್ದರೂ ‘ಬಿ’, ಇಲ್ಲದಿದ್ದರೆ ‘ಎ’. ಈಗಿನ ಪದ್ಧತಿಯಲ್ಲಿ ಈ ಅಕ್ಷರ ಬಳಕೆ ಹಾಡ್ಕಿನ್‌ಗೆ ಮಾತ್ರ. ಗ್ರಂಥಿಯಿಂದ ಪಕ್ಕದ ಅಂಗಕ್ಕೆ ಚಾಚಿದ್ದರೆ ‘ಇ’.

ಇಂದಿನ ರೋಗಿಗಳಿಗೆ ಗೊತ್ತಿಲ್ಲದ ಒಂದು ಸಂಗತಿಯೆಂದರೆ, 1960ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಈ ಹಂತ ತಿಳಿಯಲೆಂದೇ ಹಾಡ್ಕಿನ್ ರೋಗಿಗಳ ಹೊಟ್ಟೆ ಕೊಯ್ಯುತ್ತಿದ್ದರು. ಗುಲ್ಮವನ್ನು ತೆಗೆದು, ಯಕೃತ್ತಿನ ಚೂರು, ಒಳಗಿನ ಗ್ರಂಥಿಗಳನ್ನು ಕೊಯ್ದು ಪರೀಕ್ಷೆಗೆ ಕಳಿಸುವುದು. ಗುಲ್ಮ ಕಳೆದುಕೊಂಡವರು ಬದುಕಿದ್ದಷ್ಟು ಕಾಲ ಸೋಂಕಿಗೆ ಹೆದರಬೇಕಿತ್ತು. ಸಿ.ಟಿ. ಸ್ಕ್ಯಾನ್, ಆಮೇಲೆ ಪೆಟ್ ಸ್ಕ್ಯಾನ್ ಬಂದು ಆ ಶಸ್ತ್ರಕ್ರಿಯೆಯನ್ನು ಕೊನೆಗೊಳಿಸಿದವು.

ಪೆಟ್–ಸಿ.ಟಿ.ಯಲ್ಲಿ ರಕ್ತನಾಳಕ್ಕೆ ಕೊಡುವುದು ಸಕ್ಕರೆಯನ್ನೇ, ಅಂದರೆ ವಿಕಿರಣದ ಗುರುತು ಅಂಟಿಸಿದ ಗ್ಲೂಕೋಸು. ವೇಗವಾಗಿ ಬೆಳೆಯುವ ಕಣ ಹೆಚ್ಚು ಗ್ಲೂಕೋಸು ಎಳೆದುಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಆ ಗುರುತಾದ ಫ್ಲೋರಿನ್–18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ತಯಾರಿಸಿಟ್ಟುಕೊಳ್ಳಲು ಬಾರದ್ದರಿಂದ ಈ ಯಂತ್ರ ತಾಲ್ಲೂಕುಗಳಿಗೆ ಬಂದಿಲ್ಲ, ಬೆಂಗಳೂರು ಮೈಸೂರಿನಂಥ ಊರಿಗೆ ಹೋಗಬೇಕು. ಹೋಗುವವರು ನೆನಪಿಡಬೇಕಾದ್ದಿದೆ. ನಾಲ್ಕರಿಂದ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ನೀರು ಕುಡಿಯಬಹುದು. ಬೆಳಗಿನ ರೈಲು ಹತ್ತಿ, ಮದ್ದೂರಿನಲ್ಲಿ ವಡೆ ತಿಂದು, ಸಕ್ಕರೆ ಹಾಕಿದ ಕಾಫಿ ಕುಡಿದರೆ ಅವತ್ತಿನ ಸ್ಕ್ಯಾನು ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನ ಕಬ್ಬು ಕಡಿದು, ಮೂಟೆ ಹೊತ್ತು ಬಂದಿದ್ದರೆ ದಣಿದ ಸ್ನಾಯುಗಳೂ ಗ್ಲೂಕೋಸು ಹೀರಿ ಚಿತ್ರ ಕೆಡಿಸುತ್ತವೆ. ಒಂದು ದಿನ ವಿಶ್ರಾಂತಿ ಬೇಕು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮೊದಲೇ ಹೇಳಿ, ಮಾತ್ರೆ–ಇನ್ಸುಲಿನ್ ಯಾವಾಗ ಎಂದು ಕೇಳಿಕೊಳ್ಳಬೇಕು. ಮಿದುಳು, ಮೂತ್ರಕೋಶ ಎಲ್ಲರಲ್ಲೂ ಹೊಳೆಯುತ್ತವೆ. ಚಿತ್ರ ನೋಡಿ ಮನೆಯವರು ಗಾಬರಿ ಬೀಳಬೇಕಿಲ್ಲ.

ಪೆಟ್ ಮಾಡಿಸಲಾಗದವರಿಗೆ ಕತ್ತು, ಎದೆ, ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮತ್ತು ಸೊಂಟದ ಹಿಂಬದಿಯ ಎಲುಬಿನಿಂದ ಮಜ್ಜೆಯ ಪರೀಕ್ಷೆ ಸೇರಿ ಹಂತ ಹೇಳುತ್ತವೆ. ಜೊತೆಗೆ ರಕ್ತ ಪರೀಕ್ಷೆಗಳು. ಎಲ್‌ಡಿಎಚ್ ಎಂಬ ಕಿಣ್ವ ಏರಿದ್ದರೆ ರೋಗದ ಹೊರೆ ಹೆಚ್ಚಿದೆ ಎಂದರ್ಥ. 1993ರಿಂದ ಬಳಕೆಯಲ್ಲಿರುವ ಐಪಿಐ ಎಂಬ ಅಂಕಪಟ್ಟಿ ವಯಸ್ಸು 60 ದಾಟಿದೆಯೇ, ಎಲ್‌ಡಿಎಚ್ ಎಷ್ಟು, ರೋಗಿ ಓಡಾಡಿಕೊಂಡಿದ್ದಾರೆಯೇ, ಹಂತ ಯಾವುದು, ಗ್ರಂಥಿಯಾಚೆ ಎಷ್ಟು ಕಡೆ ರೋಗವಿದೆ ಎಂಬ ಐದನ್ನು ಕೂಡಿಸಿ ಅಪಾಯ ಅಳೆಯುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಬರೆದರೆ ಯಾರೂ ಅವಮಾನವೆಂದು ತಿಳಿಯಬಾರದು. ಯಕೃತ್ತಿನಲ್ಲಿ ಮಲಗಿರುವ ಹೆಪಟೈಟಿಸ್ ಬಿ ವೈರಸ್ಸನ್ನು ರಿಟುಕ್ಸಿಮ್ಯಾಬ್ ಎಬ್ಬಿಸಬಲ್ಲದು. ಮೊದಲೇ ಗೊತ್ತಿದ್ದರೆ ಮಾತ್ರೆಯಿಂದ ತಡೆಯಬಹುದು. ಕೆಂಪು ಬಣ್ಣದ ಕೀಮೋ ಔಷಧ ಡಾಕ್ಸೊರುಬಿಸಿನ್ ಹೃದಯದ ಮೇಲೆ ಪರಿಣಾಮ ಮಾಡುವುದರಿಂದ ಎಕೋ ಪರೀಕ್ಷೆ ಕೂಡ ಬೇಕು. ಮದುವೆಯಾಗದ, ಮಕ್ಕಳಾಗದ ಹುಡುಗ–ಹುಡುಗಿಯರ ಮನೆಯವರು ಸಂತಾನಶಕ್ತಿಯ ಬಗ್ಗೆ ಕೀಮೋ ಶುರುವಾಗುವ ಮೊದಲೇ ಸಂಕೋಚ ಬಿಟ್ಟು ಕೇಳಬೇಕು. ಆಮೇಲೆ ಕೇಳಿ ಪ್ರಯೋಜನವಿಲ್ಲ.

ಮಂಡ್ಯ ಜಿಲ್ಲೆಯವರಿಗೆ ದಾರಿಗಳಿವೆ. ಜಿಲ್ಲಾ ಕೇಂದ್ರದಲ್ಲಿ ಮಿಮ್ಸ್ ವೈದ್ಯಕೀಯ ಕಾಲೇಜಿದೆ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕರ್ನಾಟಕಕ್ಕೆ ಮಂಜೂರಾದ ತೃತೀಯ ಹಂತದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ ಇದೇ ಮಿಮ್ಸ್‌ಗೆ ಬಂದದ್ದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಿಂದ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಕಿದ್ವಾಯಿ ಸಂಸ್ಥೆಯಿದೆ. ಮಂಡ್ಯದಿಂದ ಬೆಂಗಳೂರು ನೂರು ಕಿಲೋಮೀಟರು, ಮೈಸೂರು ಅದರ ಅರ್ಧಕ್ಕಿಂತ ಕಡಿಮೆ. ಮಂಡ್ಯಕ್ಕೂ ಮದ್ದೂರಿಗೂ ರೈಲಿದೆ. ಮಳವಳ್ಳಿಗೆ ರೈಲಿಲ್ಲ, ಜ್ವರದ ಮೈಯಲ್ಲಿ ಬಸ್ಸು ಹತ್ತಿ ಮದ್ದೂರಿಗೋ ಮೈಸೂರಿಗೋ ಹೋಗಬೇಕಾದ ಆ ತಾಲ್ಲೂಕಿನವರ ಕಷ್ಟ ಉಳಿದವರಿಗಿಂತ ಹೆಚ್ಚು. ಅದಕ್ಕೇ ಬಯಾಪ್ಸಿಯಾದರೂ ಹತ್ತಿರದಲ್ಲೇ, ಫಾರ್ಮಲಿನ್ ಡಬ್ಬಿ ಸಮೇತ ಸರಿಯಾಗಿ ಆಗಬೇಕು. ಔಷಧಕ್ಕೆ ದೂರ ಹೋಗುವುದು ಆಮೇಲಿನ ಮಾತು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಪಡಿತರ ಚೀಟಿ, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಟ್ಟುಕೊಂಡು ಹೋದರೆ ಅಲೆದಾಟ ಕಡಿಮೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು.

ಗದ್ದೆಗೆ ಹೊಡೆಯುವ ಔಷಧದಿಂದ ಇದು ಬಂತೇ ಎಂದು ರೈತರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಲಿಂಡೇನ್ ಕೀಟನಾಶಕವನ್ನು ನಾನ್ ಹಾಡ್ಕಿನ್ ಲಿಂಫೋಮಾ ತರಬಲ್ಲದ್ದೆಂದು ಖಚಿತಪಡಿಸಿತು. ಕಳೆನಾಶಕ ಗ್ಲೈಫೊಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿತು. ಒಬ್ಬ ರೋಗಿಯ ಗಂಟಿಗೆ ಇಂಥದ್ದೇ ಡಬ್ಬಿ ಕಾರಣವೆಂದು ಯಾವ ಪರೀಕ್ಷೆಯೂ ಹೇಳಲಾರದು. ಬರಿಗೈ, ಬರಿಮೈಯಲ್ಲಿ ಸಿಂಪಡಿಸದಿರಲು ಇಷ್ಟು ತಿಳಿವಳಿಕೆ ಸಾಕು.

ಚಿಕಿತ್ಸೆಯ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಲಿಂಫೋಮಾ ಕೀಮೋಗೆ ಎಷ್ಟು ಬೇಗ ಬಗ್ಗುತ್ತದೆಂದರೆ ಒಂದೆರಡು ಸೈಕಲ್ಲಿಗೇ ಕತ್ತಿನ ಗಂಟು ಕೈಗೆ ಸಿಗದಂತಾಗುತ್ತದೆ. ಕೂದಲು ಉದುರಿದೆ, ಬಾಯಿ ಹುಣ್ಣಾಗಿದೆ, ಕಬ್ಬು ಕಟಾವಿಗೆ ಬಂದಿದೆ. ಗಂಟೇ ಇಲ್ಲವಲ್ಲ, ಇನ್ನೇಕೆ ಎಂದು ಮೂರನೆಯದಕ್ಕೆ ಹೋಗದೆ ಉಳಿದುಬಿಡುವವರಿದ್ದಾರೆ. ಕಣ್ಣಿಗೆ ಕಾಣದೆ ಉಳಿದ ಕಣಗಳಿಂದ ಮರಳಿ ಬರುವ ಲಿಂಫೋಮಾ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆಗ ಬೇಕಾಗುವ ಔಷಧವೂ ಖರ್ಚೂ ಬೇರೆ ಮಟ್ಟದವು. ವೈದ್ಯರು ಆರು ಸೈಕಲ್ ಬರೆದಿದ್ದರೆ ಆರನ್ನೂ ಹಾಕಿಸಿಕೊಳ್ಳಿ, ಕೊನೆಗೆ ಕರೆಂಟ್, ಅಂದರೆ ವಿಕಿರಣ ಕೊಡಬೇಕೆಂದರೆ ಅದನ್ನೂ ತೆಗೆದುಕೊಳ್ಳಿ. ಹೇಳಿದ ದಿನ ಹೋಗಲಾಗದಿದ್ದರೆ ಸುಮ್ಮನಿರದೆ ವಾರ್ಡಿಗೆ ಫೋನ್ ಮಾಡಿ ಬೇರೆ ದಿನ ಕೇಳಿ. ನಡುವೆ ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಎಂದು ಬಾಗಿಲಲ್ಲೇ ಹೇಳಿ.